ರೊಟ್ಟಿ ಬಡಿಯುವ ಸದ್ದು

ಹಾಸ್ಟೆಲಿನ ಅಡುಗೆಮನೆಯಲ್ಲಿ ಹೀರಾಬಿ ರೊಟ್ಟಿ ಬಡಿಯತೊಡಗಿದ್ದೇ ತಡ, ಮಗಳು ಸುಗ್ರಾ ಊರಿಗೆಂದು ಕಟ್ಟಿದ್ದ ಗಂಟು ಬಿಚ್ಚಿ, ಇತಿಹಾಸದ ಪುಸ್ತಕ ತೆಗೆದು ಗಟ್ಟಿಯಾಗಿ ಓದತೊಡಗಿದಳು. ತನ್ನೂರು ದೇವದುರ್ಗದಲ್ಲಿ ಮೊದಲ ನಂಬರಿನಲ್ಲಿದ್ದವಳು ರಾಯಚೂರಿನ ಈ ಹಾಸ್ಟೆಲಿಗೆ ಬಂದ ಮೇಲೆ ನಪಾಸಾಗಿದ್ದಳು. ವಾಪಸ್ ಕರೆದೊಯ್ಯಲು ಬಂದ ತಾಯಿ ಸುಮ್ಮನೆ ಕೂರಲಾರದೆ ಅಡುಗೆಯವಳ ಹಿಟ್ಟಿಗೆ ಕೈ ಹಾಕಿದ್ದಳು.

ವಾರ್ಡನ್ ಅಹಲ್ಯಾಬಾಯಿ ಬಂದು ಪುಸ್ತಕ ಇಸಿದುಕೊಂಡು ಕೇಳಿದ್ದಕ್ಕೆಲ್ಲ ಸುಗ್ರಾ ತಪ್ಪಿಲ್ಲದೆ ಉತ್ತರಿಸಿದಳು.

"ಮತ್ತ ಪರೀಕ್ಷ್ಯಾಗ ಏನಾಗಿತ್ತವ್ವಾ?"

"ಮನ್ಯಾಗ ಅಮ್ಮಾ ರೊಟ್ಟಿ ಬಡಿಯಾಗ ಒದರಿ ಓದತಿದ್ದೆರಿ. ಇಲ್ಲಿ ಬಾಯಿ ಮುಚ್ಚಿ ಓದಬೇಕ್ರಿ, ತಲಿಗಿ ಹತ್ತವಲ್ದು."

ಅಹಲ್ಯಾಬಾಯಿ ಗಂಟನ್ನು ಎತ್ತಿ ಒಳಗಿಟ್ಟರು. "ನಾಳಿಯಿಂದ ಅಡಗಿಯಾಕಿ ರೊಟ್ಟಿ ಬಡಿಯಾಗ ಇಲ್ಲೇ ಒಲಿ ಮುಂದ ಕುಂತು ಒದರು."

"ಅಲ್ಲಾ ನಿಮಗ ಛಲೋ ಮಾಡ್ಲಿ, ಬಾಯಿ!" ಹೀರಾಬಿ ಹಿಟ್ಟಿನ ಕೈಯಲ್ಲೇ ಅವರ ಎರಡೂ ಕೈ ಹಿಡಿದುಕೊಂಡಳು. ಮಡಿವಂತೆಯಾದ ಅಹಲ್ಯಾಬಾಯಿ ಊಟದ ಗಂಟೆ ಹೊಡೆಯುವವರೆಗೂ ಆ ಹಿಟ್ಟು ತೊಳೆದುಕೊಳ್ಳಲಿಲ್ಲ.