ನಾಲ್ಕು ಸಲ ಹತ್ತಿದ ಮರ

ಆ ಬೆಳಿಗ್ಗೆ ಕಡಲ ಗಾಳಿ ಬೀಸಲೇ ಇಲ್ಲ. ಕೆಂಪು ಮರಳುದಿಣ್ಣೆ ಸೂರ್ಯ ಹುಟ್ಟುವ ಮೊದಲೇ ಬೆಚ್ಚಗಿತ್ತು. ತಾಳೆಮರಗಳು ಒಂದು ಗರಿಯನ್ನೂ ಅಲುಗಿಸದೆ, ಯಾರದೋ ಮಾತಿಗೆ ಕಿವಿಗೊಟ್ಟಂತೆ ನಿಂತಿದ್ದವು. ನೀರಾ ಇಳಿಸುವ ಮುದುಕ ಲಿಂಗದುರೈ ಎರಡನೇ ಸಲ ಮರದಿಂದಿಳಿದು ಕಾಲಿನ ನಾರುಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ, ಕ್ಯಾಮೆರಾ ಪಕ್ಕದಿಂದ ನವನೀತನ್ ಕೂಗಿದ.

"ಅಣ್ಣಾಚ್ಚೀ, ಬಿಚ್ಚಬೇಡಿ! ಇನ್ನೊಂದು ಸಲ."

"ಇನ್ನೂ ಒಂದಾ? ಎರಡು ಸಲ ಹತ್ತಿ ತೋರಿಸಿದ್ನಲ್ಲ ತಂಬಿ."

"ಒಂದು ದೂರದ ಶಾಟು, ಒಂದು ನಡುವಿಂದು. ಈಗ ಹತ್ತಿರದ್ದು. ಆಮೇಲೆ ಬರೀ ಕಾಲು. ಅಲ್ಲಿಗೆ ಮುಗೀತು."

"ನನ್ನ ಕಾಲು ನನ್ನ ಬಿಟ್ಟು ಒಂದೇ ಹತ್ತಲ್ವಲ್ಲಪ್ಪಾ," ಅಂದ ಲಿಂಗದುರೈ. "ಇನ್ನೂ ಇಪ್ಪತ್ತು ಮರ ಬಾಕಿ ಇದೆ. ಬಿಸಿಲೇರೋದ್ರೊಳಗೆ ನೀರಾ ಒಲೆ ಮೇಲೆ ಬೀಳದಿದ್ರೆ ಬೆಲ್ಲ ಕಟ್ಟಲ್ಲ. ಮನೆಯವಳು ಬೆಂಕಿ ಹಾಕ್ಕೊಂಡು ಕೂತಿದಾಳೆ."

ಆದರೂ ಹೋದ. ಹಿಂದಿನ ದಿನ ಹೂಂ ಅಂದಿದ್ದ. ಅವನ ಪಾಲಿಗೆ ಆಡಿದ ಮಾತು ಆಡಿದ ಮಾತೇ. ಮರದ ಬುಡ ಮುಟ್ಟಿ ಕಣ್ಣಿಗೊತ್ತಿಕೊಂಡ.

"ಕೈಮುಗಿಯೋದು ಈ ಸಲ ಬೇಡ ಅಣ್ಣಾಚ್ಚಿ. ಅದನ್ನ ಆಗಲೇ ಹಿಡ್ಕೊಂಡಾಯ್ತು."

ಲಿಂಗದುರೈ ತಿರುಗಿ ನೋಡಿದ. "ನೀವು ಹಿಡ್ಕೊಂಡ್ರೆ ನನಗಾಯ್ತಾ? ಹತ್ತುತಾ ಇದೀನಿ ತಾಯೇ ಅಂತ ನಾನು ಮರಕ್ಕೆ ಹೇಳಬೇಡ್ವಾ?"

ಕ್ಯಾಮೆರಾ ಸ್ಟ್ಯಾಂಡಿನ ಹಿಂದೆ ನಿಂತಿದ್ದ ಪೂಂಗನಿಗೆ ಕಿವಿ ಬಿಸಿಯಾಯಿತು. ಅವಳೂ ನವನೀತನೂ ಪಾಳಯಂಕೋಟೆಯ ಕಾಲೇಜಿನಲ್ಲಿ ಒಂದೇ ತರಗತಿ. ಪರೀಕ್ಷೆಗೆ ಐದು ನಿಮಿಷದ ಚಿತ್ರ. ಅವನು ನಿರ್ದೇಶಕ, ಇವಳು ಕ್ಯಾಮೆರಾ. ಮಾಡುವ ಕೆಲಸ ಒಂದೇ ಆದರೂ ದೂರದಿಂದ, ನಡುವಿನಿಂದ, ಹತ್ತಿರದಿಂದ ಮೂರು ಸಲ ಹಿಡಿಯಬೇಕೆಂಬುದು ಮೊದಲ ಪಾಠ. ಮಾಡುವವನಿಗೆ ಎಷ್ಟು ಸಲ ನೋಯುತ್ತದೆ ಎಂಬುದು ಯಾವ ಪಾಠದಲ್ಲೂ ಇರಲಿಲ್ಲ. ಸುಮ್ಮನಿರು ಅಂತ ನವನೀತನ್‌ಗೆ ಹೇಳಬೇಕೆಂದುಕೊಂಡಳು. ಹೇಳಲಿಲ್ಲ. "ರೆಡಿ" ಅಂದಾಗ ಗುಂಡಿ ಒತ್ತಿದಳು, "ಕಟ್" ಅಂದಾಗ ಒತ್ತಿದಳು.

ನಾಲ್ಕನೇ ಸಲವೂ ಆಯಿತು. ಹೇಗೆ ಬಂದಿದೆ ನೋಡೋಣ ಎಂದು ನವನೀತನ್ ಕ್ಯಾಮೆರಾದ ಪುಟ್ಟ ಪರದೆಗೆ ಅಂಗೈ ಮರೆಮಾಡಿ ಬಗ್ಗಿದ. ಮರ ಕಾಣಲಿಲ್ಲ, ಮನುಷ್ಯ ಕಾಣಲಿಲ್ಲ. ಬರೀ ಮರಳು, ಚಪ್ಪಲಿ, ಸ್ಟ್ಯಾಂಡಿನ ಕಾಲು. ಬೆಳಿಗ್ಗೆ ಮೊದಲ ಸಲ ಒತ್ತುವಾಗ ಪೂಂಗನಿಯ ಹೆಬ್ಬೆರಳು ಜಾರಿ ಗುಂಡಿ ಎರಡು ಸಲ ಒತ್ತಿಹೋಗಿತ್ತು. ಅಲ್ಲಿಂದಾಚೆ ಎಲ್ಲಾ ತಿರುಗುಮುರುಗು. ಲಿಂಗದುರೈ ಹತ್ತುವಾಗ ಕ್ಯಾಮೆರಾ ಕಣ್ಣು ಮುಚ್ಚಿತ್ತು, ಅವನು ಇಳಿದು ನಿಂತು ಇವಳು ಅದನ್ನು ನೆಲಕ್ಕೆ ಬಾಗಿಸಿದಾಗ ತೆರೆದಿತ್ತು.

ಪರದೆಯೊಳಗಿಂದ ನವನೀತನ್‌ನ ದನಿಯೇ ಬಂತು: "ದಿನಾ ಮೂವತ್ತು ಮರ ಹತ್ತೋ ಮುದುಕ ಕಣೇ. ಎರಡು ಹೆಚ್ಚಾದ್ರೆ ಸಾಯ್ತಾನಾ?" ಆಮೇಲೆ ಏದುಸಿರು. ಚರ್ಮ ಕಿತ್ತುಹೋದ ಒಂದು ಅಂಗಾಲು. "ತಾಯಿ, ಒಂದು ಗುಟುಕು ನೀರಿದ್ರೆ..." ಅದರ ಬೆನ್ನಿಗೇ ಒಂದು ಹೆಣ್ಣುದನಿ: "ತಡೀರಿ ಅಣ್ಣಾಚ್ಚಿ, ಫೋಕಸ್ ನೋಡ್ತಿದೀನಿ."

ಅದು ತನ್ನದೇ ದನಿ ಎಂದು ಪೂಂಗನಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಅವನು ನೀರು ಕೇಳಿದ್ದೇ ಅವಳ ನೆನಪಿನಲ್ಲಿರಲಿಲ್ಲ.

ಎರಡು ಮಾರು ದೂರದಲ್ಲಿ ನಿಂತ ಲಿಂಗದುರೈಗೂ ಎಲ್ಲಾ ಕೇಳಿಸಿತ್ತು. ಅವನು ಹಗ್ಗವನ್ನು ಹೆಗಲಿಗೆ ಹಾಕಿಕೊಂಡ.

"ಹಾಳು ಮಾಡಿದೆಯಲ್ಲೇ ಎಲ್ಲಾನೂ!" ನವನೀತನ್ ಹಲ್ಲು ಕಡಿದ. ಆಮೇಲೆ ದನಿಗೆ ಬೆಣ್ಣೆ ಸವರಿಕೊಂಡು, "ಅಣ್ಣಾಚ್ಚಿ, ಬೇಜಾರು ಮಾಡ್ಕೋಬೇಡಿ, ಕೊನೇದಾಗಿ ಇನ್ನೊಂದೇ ಒಂದು..."

"ನೀನು ಹತ್ತು," ಅಂದಳು ಪೂಂಗನಿ.

"ಏನು?"

"ನೀನೇ ಹತ್ತೋ. ದೂರದಿಂದ, ನಡುವಿಂದ, ಹತ್ತಿರದಿಂದ. ಆಮೇಲೆ ಬರೀ ನಿನ್ನ ಕಾಲು. ನಾನು ಈ ಸಲ ಸರಿಯಾಗಿ ಒತ್ತುತೀನಿ."

"ಮಾರ್ಕ್ಸು ಹೋಗುತ್ತೆ, ಹುಚ್ಚೀ! ನಿಂದೂ ಹೋಗುತ್ತೆ!"

"ಹೋಗಲಿ. ಅವರ ಇಪ್ಪತ್ತು ಮರ ಹೋಯ್ತಲ್ಲ, ಅದನ್ನ ಯಾವ ಮೇಷ್ಟ್ರು ಕೊಡ್ತಾರೆ?" ಕ್ಯಾಮೆರಾವನ್ನು ಅವನ ಎದೆಗೆ ಒತ್ತಿ, ನೀರಿನ ಬಾಟಲಿ ತೆಗೆದುಕೊಂಡು ಮರಳಿನಲ್ಲಿ ಹೆಜ್ಜೆ ಹುಗಿಯುತ್ತಾ ಹೊರಟಳು.

ಅವರ ಜಗಳದ ನಡುವೆಯೇ ಹೊರಟಿದ್ದ ಲಿಂಗದುರೈ ಉಳಿದ ಮರ ಹತ್ತಿಳಿಯುತ್ತಾ ದೂರ ಹೋಗಿಬಿಟ್ಟಿದ್ದ. ತೋಪೆಲ್ಲಾ ಹುಡುಕಿ ಅವಳು ಅವನನ್ನು ಕಂಡಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಆ ಮರದಿಂದ ಇಳಿಸಿದ ಮಡಕೆಯಲ್ಲಿ ನೊರೆ ಎದ್ದಿತ್ತು. ಮೂಸಿ ನೋಡಿದ. ನೀರಾ ಹುಳಿಯಾಗಿತ್ತು. ಹೊತ್ತು ತಂದ ಕೊಡಕ್ಕೆ ಅದನ್ನು ಬಗ್ಗಿಸಲಿಲ್ಲ. ಕೂತು, ಬಡಿಸುವವನ ಹಾಗೆ ನಿಧಾನವಾಗಿ, ಮರದ ಬುಡಕ್ಕೇ ಸುರಿದ. ಕೆಂಪು ಮರಳು ಸದ್ದಿಲ್ಲದೆ ಕುಡಿದುಬಿಟ್ಟಿತು.

ತಲೆ ಎತ್ತಿದರೆ ಎದುರಿಗೆ ಹುಡುಗಿ, ಕೈಯಲ್ಲಿ ನೀರು. ಅವನು ಅವಳ ಹೆಗಲಾಚೆ ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

"ನಿಮ್ಮ ಚಿತ್ರ ಹಿಡಿಯೋ ಪೆಟ್ಟಿಗೆ ಎಲ್ಲಿಟ್ಟಿದೀಯ ತಾಯಿ?"

"ಯಾಕೆ ಅಣ್ಣಾಚ್ಚಿ?"

"ಏನಿಲ್ಲ. ಕುಡಿದಾದ್ಮೇಲೆ ಇನ್ನೊಂದು ಸಲ ಕುಡೀರಿ ಅಂತೀರೇನೋ ಅಂತ."

ಪೂಂಗನಿ ಬಾಟಲಿಯ ಮುಚ್ಚಳ ತೆಗೆದು, ಮಡಕೆಗೆ ಸವರುವ ಸುಣ್ಣ ಹತ್ತಿದ ಅವನ ಅಂಗೈಯಲ್ಲಿಟ್ಟು, ಅವನು ಕುಡಿಯುವುದು ತನಗೆ ಕಾಣದ ಹಾಗೆ ಮುಖ ತಿರುಗಿಸಿ ನಿಂತಳು.