ಮಾಲೀಕರ ಅಳತೆಗೆ ಹೊಲಿಸಿದ ಸಾಫ್ಟ್‌ವೇರ್

"ಎಲ್ಲಾ ಸರಿ, ಇದರಲ್ಲಿ ನನ್ನ ಒಪ್ಪಿಗೆ ಎಲ್ಲಿ ಬರುತ್ತೆ?" ಸಾಬೂನು ಕಾರ್ಖಾನೆಯ ಮಾಲೀಕರು ಕೇಳಿದರು.

ರೆಡಿಮೇಡ್ ಸಾಫ್ಟ್‌ವೇರ್ ಮಾರಲು ಬಂದಿದ್ದವನು ತಬ್ಬಿಬ್ಬಾದ. "ಸಾರ್, ಹದ ಬಂದ ಪಾಕ ಅಚ್ಚಿಗೆ ಬಿಡೋಕೆ ಒಪ್ಪಿಗೆ ಯಾಕೆ? ಬಿಸಿ ಎಷ್ಟಿದೆ ನೋಡ್ಕೊಂಡು ಅದೇ ಬಿಡುತ್ತೆ. ಮುನ್ನೂರು ಕಾರ್ಖಾನೇಲಿ ಹೀಗೇ ನಡೀತಿದೆ."

"ಆ ಮುನ್ನೂರರಲ್ಲಿ ಮಾಲೀಕರೇ ಇಲ್ವೇನ್ರೀ?"

ಅಲ್ಲಿಗೆ ಮಾತು ಮುಗಿಯಿತು. ಸ್ವಂತದ್ದೇ ಸಾಫ್ಟ್‌ವೇರ್ ಬರೆಸುವುದೆಂದಾಗಿ, ಕೆಲಸ ಮಾಲೀಕರ ಭಾವಮೈದನ ಪಾಲಾಯಿತು. ಅವನು ಒಂದು ತಿಂಗಳು ಭಾವನ ಹಿಂದೆಯೇ ಸುತ್ತಿ, ಅವರು ಕೆಮ್ಮಿದ್ದನ್ನೂ ಬಿಡದೆ ಬರೆದುಕೊಂಡ. ಪಾಕ ಅಚ್ಚಿಗೆ ಇಳಿಯಬೇಕಾದರೆ ಮಾಲೀಕರು ಫೋನಿನಲ್ಲಿ 'ಒಪ್ಪಿಗೆ' ಒತ್ತಬೇಕು. ತಾವಿಲ್ಲದಾಗ ಯಾರಾದರೂ ಬುದ್ಧಿ ಉಪಯೋಗಿಸಿಬಿಟ್ಟಾರೆಂಬ ಭಯಕ್ಕೆ ಅವರು ಪಾಕದ ಕಡಾಯಿಯ ವಾಲ್ವನ್ನು ಕೈಯಿಂದ ತಿರುಗಿಸುವ ಹಿಡಿಯನ್ನೂ ಬಿಚ್ಚಿಸಿದರು.

"ನೀವು ಎಲ್ಲಾದ್ರೂ ಸಿಕ್ಕಾಕೊಂಡ್ರೆ ಸಾರ್?" ಮೇಲ್ವಿಚಾರಕಿ ಕೇಳಿದಳು. ಹದಿನೆಂಟು ವರ್ಷಗಳಿಂದ ಕಣ್ಣಳತೆಯಲ್ಲೇ ಪಾಕದ ಹದ ಹೇಳುತ್ತಿದ್ದವಳು ಅವಳು.

"ನಾನು ಸಿಕ್ಕಾಕೊಳ್ಳೋ ಆಸಾಮಿ ಅಲ್ಲಮ್ಮ."

ಸಾಫ್ಟ್‌ವೇರ್ ಶುರುವಾದ ಹನ್ನೊಂದನೆಯ ದಿನ ಮಾಲೀಕರು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ಫೋನು ಒಂಬತ್ತು ಸಲ ಗುಂಯ್‌ಗುಟ್ಟಿತು. ಕೈ ಜೇಬಿಗೆ ಹೋದಾಗಲೆಲ್ಲ ಡಾಕ್ಟರು "ಅಲ್ಲಾಡಬೇಡಿ" ಎಂದು ಗದರಿದರು. ಎಷ್ಟೋ ವರ್ಷಗಳ ಬಳಿಕ ಮಾಲೀಕರು ಇನ್ನೊಬ್ಬರ ಮಾತು ಕೇಳಿದ್ದು ಅಂದೇ.

ಇತ್ತ ಕಾರ್ಖಾನೆಯಲ್ಲಿ, "ಬಿಡಪ್ಪಾ, ಗಟ್ಟಿಯಾಗ್ತಿದೆ!" ಎಂದು ಮೇಲ್ವಿಚಾರಕಿ ಅಂಗಲಾಚುತ್ತಿದ್ದಳು.

"ನಂಗೂ ಅಧಿಕಾರ ಇಲ್ಲ ಅಕ್ಕ. ನಿನಗ್ಯಾಕೆ ಅಂದ್ರು ಭಾವ." ಭಾವಮೈದ ತಲೆ ಕೆರೆದುಕೊಂಡ.

ಕಲಕುವ ರೆಕ್ಕೆಗಳು ನರಳಿ ನರಳಿ ನಿಂತವು. ಎರಡು ಟನ್ ಪಾಕ ಕಡಾಯಿಯಲ್ಲೇ ಒಂದೇ ಒಂದು ಸಾಬೂನಾಯಿತು. ಸಾಫ್ಟ್‌ವೇರಿನಲ್ಲಿ ಮಾತ್ರ ಒಂದು ತಪ್ಪೂ ಇರಲಿಲ್ಲ.

ದವಡೆ ಮರಗಟ್ಟಿದ್ದ ಮಾಲೀಕರು ಓಡೋಡಿ ಬಂದು ಪಾಕವನ್ನು ಬೆರಳಿನಿಂದ ಒತ್ತಿದರು. ಆಮೇಲೆ ಗುದ್ದಿದರು. "ಆ ರೆಡಿಮೇಡ್... ಆಗಿದ್ರೆ... ಬಿಡ್ತಿತ್ತಾ?" ಎಂದು ತೊದಲಿದರು.

"ಬಿಡ್ತಿತ್ತು ಸಾರ್," ಎಂದಳು ಮೇಲ್ವಿಚಾರಕಿ. "ಅದಕ್ಕೆ ನೀವ್ಯಾರು ಅಂತ ಗೊತ್ತಿರ್ತಿರ್ಲಿಲ್ಲ."

ಮಾಲೀಕರು ಫೋನು ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, 'ಒಪ್ಪಿಗೆ' ಒತ್ತಿದರು.