ತಾಡಪತ್ರಿಯ ಕೆಳಗೆ ಹಾಲು

ಹಾಲು ಉಕ್ಕಿ ಸೀದ ವಾಸನೆ ಬಂದರೆ ಇಂದಿಗೂ ನನ್ನ ತೋಳು ನೋಯುತ್ತದೆ.

ಕಟ್ಟಡದ ಕೆಲಸಕ್ಕೆಂದು ನಾವು ಪುಣೆಗೆ ಬಂದ ಮೊದಲ ಮಳೆಗಾಲ. ಆ ಮಧ್ಯಾಹ್ನ ಅಪ್ಪ ಹೊರಗೆ ನಮ್ಮ ಹೊಸ ಗುಡಿಸಲಿಗೆ ಹೊದಿಸಿದ ತಾಡಪತ್ರಿಯ ಹಗ್ಗ ಬಿಗಿಯುತ್ತಿದ್ದ. ಕೆಸರಿನಲ್ಲಿ ಒಂದು ಗೂಟ ಹೊಡೆದರೆ ಇನ್ನೊಂದು ಕಿತ್ತು ಬರುತ್ತಿತ್ತು. ಗಾಳಿಗೆ ಒದ್ದಾಡುತ್ತಿದ್ದ ನಡುಗಂಬವನ್ನು ನಾನು ತಬ್ಬಿ ಹಿಡಿದಿದ್ದೆ. ಅವ್ವ ಮೂರು ಇಟ್ಟಿಗೆಯ ಒಲೆ ಹೂಡಿ, ಒದ್ದೆ ಕಟ್ಟಿಗೆ ಊದುತ್ತ ಹಾಲು ಕಾಯಿಸುತ್ತಿದ್ದಳು.

"ಉಕ್ಕಿತೇನವ್ವಾ?" ಎಂದು ಮತ್ತೆ ಮತ್ತೆ ಕೇಳಿದೆ.

"ತಡಿ, ಕಂಬ ಬಿಡಬ್ಯಾಡ."

"ನಾಕ ತಿಂಗಳಿಗೆ ಕೀಳೋ ತಾಡಪತ್ರಿಗೂ ಹಾಲು ಉಕ್ಕಿಸ್ತಾರೇನ?" ಅಪ್ಪ ಹೊರಗಿನಿಂದಲೇ ರೇಗಿದ.

"ಮಕ್ಕಳು ಮಲಗೋದು ಇದರಾಗೇ ಅಲ್ಲೇನ್ರಿ?" ಎಂದಳು ಅವ್ವ.

ಅಪ್ಪ ಮತ್ತೊಂದು ಗೂಟ ಹೊಡೆದ. ಕೊನೆಗೂ ಹಾಲು ಉಕ್ಕಿ ಒಲೆಗೆ ಚೆಲ್ಲಿತು. ಅಪ್ಪ ಕೆಸರಿನಲ್ಲೇ ಚಪ್ಪಲಿ ಬಿಟ್ಟು, ಮಳೆನೀರಿನಲ್ಲಿ ಕಾಲು ತೊಳೆದು, ತಲೆ ಬಗ್ಗಿಸಿ ಒಳಗೆ ಬಂದ.